ಗಂಡಸುತನಕ್ಕೆಷ್ಟು ಅಂಕ, ಹೆಣ್ತನಕ್ಕೆಷ್ಟು?

ಮನುಷ್ಯನ ಗಂಡಸುತನವನ್ನೋ ಹೆಣ್ತನವನ್ನೋ ಪ್ರಶ್ನೆಪತ್ರಿಕೆಯಿಂದ ಅಳೆಯಬಹುದೆಂಬ ನಂಬಿಕೆಗೆ ಗಟ್ಟಿ ಬುನಾದಿ ಹಾಕಿದ್ದು ಅಮೆರಿಕದ ಮನೋವಿಜ್ಞಾನಿಗಳಾದ ಲೂಯಿಸ್ ಟರ್ಮನ್ ಮತ್ತು ಕ್ಯಾಥರೀನ್ ಕಾಕ್ಸ್ ಮೈಲ್ಸ್. 1936ರಲ್ಲಿ ಅವರು ವಿವರಿಸಿದ ಪರೀಕ್ಷೆಯಲ್ಲಿ 400ಕ್ಕೂ ಹೆಚ್ಚು ಪ್ರಶ್ನೆಗಳಿದ್ದವು: ಒಂದು ಪದ ಕೇಳಿದೊಡನೆ ಏನು ಹೊಳೆಯುತ್ತದೆ, ಶಾಯಿಯ ಕಲೆಯಲ್ಲಿ ಏನು ಕಾಣುತ್ತದೆ, ಯಾವ ಕೆಲಸ ಇಷ್ಟ. ಉದ್ದೇಶ ಗೊತ್ತಾಗದಿರಲೆಂದು ಅದಕ್ಕೆ ಮನೋಭಾವ ಮತ್ತು ಆಸಕ್ತಿಗಳ ವಿಶ್ಲೇಷಣೆ ಎಂಬ ಹೆಸರಿಟ್ಟರು. ಗಂಡಸರೂ ಹೆಂಗಸರೂ ಸರಾಸರಿಯಲ್ಲಿ ಬೇರೆಬೇರೆಯಾಗಿ ಉತ್ತರಿಸಿದ ಪ್ರಶ್ನೆಗಳು ಉಳಿದವು. ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ, ಬೆಳೆಸಿದ ರೀತಿಯಿಂದಲೋ, ಅಂಕ ನೋಡಿ ಹೇಳಲಾಗದು.

ಮುಂದೆ ಇಂಥ ಅಂಕ ರೋಗನಿದಾನದ ಕೋಣೆಗೂ ಹೊಕ್ಕಿತು. ಜಗತ್ತಿನಾದ್ಯಂತ ಬಳಕೆಗೆ ಬಂದ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆಯ ಗಂಡಸುತನ-ಹೆಣ್ತನದ ಮಾಪಕವನ್ನು ರೂಪಿಸುವಾಗ ಮಾದರಿಯಾಗಿ ಇಟ್ಟುಕೊಂಡಿದ್ದು ಕೇವಲ 13 ಸಲಿಂಗಕಾಮಿ ಗಂಡಸರನ್ನು. ಇಷ್ಟು ತೆಳುವಾದ ಆಧಾರದ ಮೇಲೆ ಒಬ್ಬರ ಬದುಕಿನ ಬಗ್ಗೆ ತೀರ್ಪು ಕೊಡುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

1974ರಲ್ಲಿ ಮನೋವಿಜ್ಞಾನಿ ಸಾಂಡ್ರಾ ಬೆಮ್ ಒಂದು ದೊಡ್ಡ ತಿದ್ದುಪಡಿ ತಂದರು. ಅದುವರೆಗೆ ಗಂಡಸುತನದ ಅಂಕ ಹೆಚ್ಚಿದರೆ ಹೆಣ್ತನದ್ದು ಇಳಿಯಲೇಬೇಕಿತ್ತು. ಬೆಮ್ ಎರಡನ್ನೂ ಬೇರೆಬೇರೆಯಾಗಿ ಅಳೆದು, ಒಬ್ಬರಲ್ಲೇ ಎರಡೂ ಹೆಚ್ಚಾಗಿರಬಹುದೆಂದು ತೋರಿಸಿದರು. ಅದು ಧೈರ್ಯದ ಕೆಲಸ. ಆದರೆ ಅವರ 60 ಗುಣಗಳ ಪಟ್ಟಿಯನ್ನು ಹತ್ತಿರದಿಂದ ನೋಡಿ. ಸ್ವಾವಲಂಬನೆ, ನಾಯಕತ್ವ, ತನ್ನ ನಂಬಿಕೆಯ ಪರವಾಗಿ ನಿಲ್ಲುವುದು ಗಂಡಸಿನ ಪಾಲಿಗೆ. ಮೆಲುಮಾತು, ಮಕ್ಕಳ ಮೇಲಿನ ಪ್ರೀತಿ, ಕೊನೆಗೆ ಸುಲಭವಾಗಿ ಮೋಸಹೋಗುವುದೂ ಹೆಣ್ಣಿನ ಪಾಲಿಗೆ. ಅಮೆರಿಕದ ಸಮಾಜ ಯಾರಲ್ಲಿ ಯಾವ ಗುಣ ಬಯಸುತ್ತದೆಂದು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಕೊಟ್ಟ ಅಂದಾಜಿನಿಂದ ಹುಟ್ಟಿದ ಪಟ್ಟಿ ಇದು. ರಾತ್ರಿ ಪಾಳಿಯಲ್ಲಿ ರೋಗಿಯ ಉಸಿರು ಏರುಪೇರಾದಾಗ ತಡಮಾಡದೆ ನಿರ್ಧರಿಸಿ, ಅವನ ಕೈಹಿಡಿದು ಸಮಾಧಾನವನ್ನೂ ಹೇಳುವ ನರ್ಸ್ ಆ ಗಳಿಗೆಯಲ್ಲಿ ಅರ್ಧ ಗಂಡಸಾಗಿರುವುದಿಲ್ಲ. ಆಕೆ ತನ್ನ ಕೆಲಸ ಬಲ್ಲವಳು, ಅಷ್ಟೆ.

ಇಂಥ ಪ್ರಶ್ನಾವಳಿಗಳು ಅಳೆಯುವುದು ಗುರಿ ಸಾಧಿಸುವ ಗುಣವನ್ನೂ ಇತರರಿಗೆ ಸ್ಪಂದಿಸುವ ಗುಣವನ್ನೂ ಮಾತ್ರ ಎಂದು ಇನ್ನೊಂದು ಮಾಪಕ ರೂಪಿಸಿದ ಜಾನೆಟ್ ಸ್ಪೆನ್ಸ್ ಮುಂದೆ ವಾದಿಸಿದರು. ನನಗೂ ಇದೇ ಸರಿಯೆನ್ನಿಸುತ್ತದೆ. 1997ರಲ್ಲಿ ಜೀನ್ ಟ್ವೆಂಗಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 1970ರ ದಶಕದಿಂದೀಚೆಗೆ ಅಮೆರಿಕದ ಕಾಲೇಜು ಹುಡುಗಿಯರ 'ಗಂಡಸುತನ'ದ ಅಂಕ ಏರುತ್ತಲೇ ಬಂದಿತ್ತು. ಅದೇ ಅವಧಿಯಲ್ಲಿ ಅವರ ಮುಂದೆ ಓದಿನ, ಉದ್ಯೋಗದ ಹೊಸ ದಾರಿಗಳು ತೆರೆದಿದ್ದವು. ಹಾಗಾಗಿ ಆತ್ಮವಿಶ್ವಾಸ ಅಳೆಯುವವರು ಅದನ್ನು ಆತ್ಮವಿಶ್ವಾಸವೆಂದೇ ವರದಿಯಲ್ಲಿ ಬರೆಯಲಿ, ಕರುಣೆಯನ್ನು ಕರುಣೆಯೆಂದೇ.