ಕಡ ಬೇರೆ, ನಂಟು ಬೇರೆ

ನಮ್ಮ ಶಾಲೆಯ ಸಂಸ್ಕೃತ ದಿನಕ್ಕೆ ಬಂದಿದ್ದ ಭಾಷಣಕಾರರೊಬ್ಬರು, ಮಲೇಷ್ಯಾದ ಮಲಯ್ ಭಾಷೆ, ನಮ್ಮ ಒಡಿಯಾ ಎರಡೂ ಒಬ್ಬಳೇ ತಾಯಿಯ ಮಕ್ಕಳು ಎಂದುಬಿಟ್ಟರು. ಭಾಷಾ, ಗುರು, ಭೂಮಿ, ರಹಸ್ಯ ಎಂದು ಪಟ್ಟಿ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು.

ಸಾಸಿವೆ ಕಡ ತಂದ ಮಾತ್ರಕ್ಕೆ ಪಕ್ಕದ ಮನೆಯಾಕೆ ನನ್ನ ಒಡಹುಟ್ಟಾಗುತ್ತಾಳೆಯೇ? ಒಡಿಯಾ ಸಂಸ್ಕೃತದ ಬಳಗದ್ದು, ಒಪ್ಪಿದೆ. ಮಲಯ್ ಫಿಲಿಪೈನ್ಸ್, ಹವಾಯಿ ಭಾಷೆಗಳ ಬಳಗದ್ದು. ಎಣಿಸಿ ನೋಡಿ: ಒಡಿಯಾದಲ್ಲಿ ಏಕ, ದುಇ, ತಿನಿ, ಮಲಯ್‌ನಲ್ಲಿ ಸಾತು, ದುಆ, ತೀಗಾ. 'ದುಆ' 'ದುಇ'ಯಂತೆ ಕೇಳಿಸುವುದು ಬರೀ ಕಾಕತಾಳೀಯ. ಅದೇ 'ದುಆ' ಹವಾಯಿಯಲ್ಲಿ 'ಲುಅ'.

ತಂದ ಪದವಾದರೂ ತಂದಂತೆ ಉಳಿಯಿತೇ? ಮಲಯ್‌ನಲ್ಲಿ 'ಚಿಂತಾ' ಎಂದರೆ ಪ್ರೀತಿ! (ಎರಡೂ ಒಂದೇ ಅಂತೀರಾ? ಅದು ಬೇರೆ ಮಾತು.) 'ಸಂಸಾರ' ಅಲ್ಲಿ 'ಸೆಂಗ್ಸಾರ'ವಾಗಿದೆ, ಅರ್ಥ ಯಾತನೆ. ಗಂಡ ಮಾತ್ರ ಎರಡು ಕಡೆಯೂ 'ಸ್ವಾಮಿ'ಯೇ.

ಇದು ಪಂಡಿತರ ಜಗಳ, ನಮಗೇಕೆ ಎನ್ನಬೇಡಿ. 1870ರಲ್ಲಿ ಬಾಲಸೋರಿನ ಮೇಷ್ಟರು ಕಾಂತಿಚಂದ್ರ ಭಟ್ಟಾಚಾರ್ಯ, ಒಡಿಯಾ ಸ್ವತಂತ್ರ ಭಾಷೆಯೇ ಅಲ್ಲ ಎಂದು ಪುಸ್ತಕ ಬರೆದರು. ಶಾಲೆಗಳಲ್ಲಿ ಬಂಗಾಳಿಯೇ ಸಾಕು ಎನ್ನುವವರಿಗೆ ಬಲ ಬಂತು. ಒಡಿಯಾ, ಬಂಗಾಳಿ ನಿಜವಾಗಿಯೂ ಅಕ್ಕತಂಗಿಯರೇ. ಆದರೆ ಅಕ್ಕನಿದ್ದಾಳೆಂದು ತಂಗಿಯ ಬಾಯಿ ಮುಚ್ಚಿಸುವುದೇ? ಫಕೀರಮೋಹನ ಸೇನಾಪತಿಯಂಥವರು ಅಚ್ಚುಕೂಟ ಹಾಕಿ, ಪಠ್ಯ ಬರೆದು ಎದುರು ನಿಂತರು. ಒಡಿಯಾ ಮಕ್ಕಳ ಪಾಟಿಯ ಮೇಲೆ ಒಡಿಯಾ ಉಳಿಯಿತು.

ಮರುದಿನ ಏಳನೇ ತರಗತಿಯ ಬೋರ್ಡಿನ ಮೇಲೆ ಸಾತು, ದುಆ, ತೀಗಾ ಬರೆದೆ. ಆದರೆ ಹಿಂದಿನ ದಿನ ಆ ಭಾಷಣಕಾರರಿಗೆ ವಂದನಾರ್ಪಣೆ ಮಾಡಿದವಳೂ ನಾನೇ. ಅದು ಈಗಲೂ ಚುಚ್ಚುತ್ತದೆ.