ಕಣದ ಲೆಕ್ಕ, ಮೈದಾನದ ಲೆಕ್ಕ

೨೦೨೫ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನಿಂದ ಬಂದ ಒಂದು ವಾರ್ತೆಯನ್ನು, ಕ್ರೀಡಾಪುಟ ಓದುವ ಅಭ್ಯಾಸವಿಲ್ಲದವರೂ ಗಮನಿಸಿರಬಹುದು. ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿತ್ತು. ಅದೇನೂ ಬಡ ಸಂಸ್ಥೆಯಲ್ಲ. ೨೦೧೩ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದು, ಉಕ್ಕಿನ ದೊಡ್ಡ ಉದ್ಯಮವೊಂದರ ಆಶ್ರಯದಲ್ಲಿ ಬೆಳೆದದ್ದು. ಆದರೆ ಇಂಡಿಯನ್ ಸೂಪರ್ ಲೀಗನ್ನು ನಡೆಸುವ ಹಕ್ಕಿನ ಕರಾರು ಆ ವರ್ಷದ ಡಿಸೆಂಬರಿಗೆ ತೀರಲಿದ್ದು, ಮುಂದೇನೆಂಬುದು ನಿಶ್ಚಯವಾಗದೆ ಲೀಗಿನ ಆರಂಭವೇ ನಿಂತುಹೋಗಿತ್ತು. ಪಂದ್ಯವಿಲ್ಲದಮೇಲೆ ಪ್ರಸಾರದ ಹಣವಿಲ್ಲ, ಟಿಕೆಟ್ಟಿನ ಹಣವೂ ಇಲ್ಲ. ಕಂಠೀರವ ಕ್ರೀಡಾಂಗಣವೋ ಸರ್ಕಾರದ್ದು. ಆಟವಿಲ್ಲದ ದಿನ ಅಲ್ಲಿನ ಒಂದು ಮೆಟ್ಟಿಲೂ ಕ್ಲಬ್ಬಿಗೆ ಕಾಸು ತರಲಾರದು.

ಈ ವಾರ್ತೆಗೂ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಇಷ್ಟೆ: ಅಷ್ಟು ದೊಡ್ಡ ಸಂಸ್ಥೆಗೇ ಆಟದ ದಿನದ ವರಮಾನವನ್ನು ನೆಚ್ಚಿ ಬದುಕುವುದು ಕಷ್ಟವಾದರೆ, ಸಂಜೆ ಐದಕ್ಕೆ ಒಂದೇ ಚೆಂಡಿನ ಹಿಂದೆ ಓಡುವ ನಮ್ಮ ಬೆಟ್ಟಸೀಮೆಯ ಹುಡುಗರ ಕ್ಲಬ್ಬು ಯಾವುದನ್ನು ನೆಚ್ಚಬೇಕು?

ಕ್ಲಬ್ಬು ಎಂಬ ಮಾತಿಗೆ ಈ ಸೀಮೆಯಲ್ಲಿ ಮೂರು ಅರ್ಥಗಳುಂಟು. ಹಳೆಯ ಮೈಸೂರಿನ ಬಳಕೆಯಲ್ಲಿ ಕಾಫಿ ಕ್ಲಬ್ಬೆಂದರೆ ಇಡ್ಲಿ ಕಾಫಿ ಸಿಗುವ ಹೋಟಲು. ತೋಟದ ದೊರೆಗಳ ಕಾಲದಿಂದ ಬಂದ ಕ್ಲಬ್ಬು ಇಸ್ಪೀಟು, ಬಿಲಿಯರ್ಡ್ಸ್‌ಗಳದು. ಅದಕ್ಕೆ ಸ್ವಂತ ಕಟ್ಟಡವುಂಟು, ಗೇಟುಂಟು, ಗೇಟಿನಲ್ಲಿ ಕಾವಲುಗಾರನೂ ಉಂಟು. ಮೂರನೆಯದಾದ ಆಟದ ಕ್ಲಬ್ಬಿಗೆ ಇರುವುದು ಹೆಸರು, ಅಂಗಿ ಮತ್ತು ಚಂದಾ ಪುಸ್ತಕ. ನೆಲ ಅದರದಲ್ಲ. ಅದು ಆಡುವುದು ಶಾಲೆಯ ಬಯಲಿನಲ್ಲಿ, ಕಾಲೇಜಿನ ಅಂಗಳದಲ್ಲಿ, ಇಲ್ಲವೆ ಚಿಕ್ಕಮಗಳೂರಿನ ನೇತಾಜಿ ಸುಭಾಷ್‌ಚಂದ್ರ ಬೋಸ್ ಆಟದ ಮೈದಾನದಂಥ ಸರ್ಕಾರಿ ಕ್ರೀಡಾಂಗಣದಲ್ಲಿ. ಸ್ವಾತಂತ್ರ್ಯ ದಿನದ ಧ್ವಜವಂದನೆ, ಕವಾಯತುಗಳಿಗೂ ಇರುವುದು ಅದೇ ನೆಲ. ಆದುದರಿಂದ ‘ತನ್ನ ಕ್ರೀಡಾಂಗಣದಿಂದ ಕ್ಲಬ್ಬು ಹೆಚ್ಚು ಸಂಪಾದಿಸುವುದು ಹೇಗೆ’ ಎಂಬ ಪ್ರಶ್ನೆಯಲ್ಲಿ ‘ತನ್ನ’ ಎಂಬ ಶಬ್ದವೇ ಮೊದಲನೆಯ ತೊಡಕು. ಅದಕ್ಕೆ ಮುಂದೆ ಬರುತ್ತೇನೆ, ಮೊದಲು ಲೆಕ್ಕ.

ಒಂದು ಕ್ಲಬ್ಬು ವರ್ಷಕ್ಕೆ ಇಪ್ಪತ್ತು ಪಂದ್ಯಗಳನ್ನು ಏರ್ಪಡಿಸಿತೆಂದೂ, ಪ್ರತಿಯೊಂದಕ್ಕೂ ೩೦೦ ಜನ ತಲಾ ೩೦ ರೂಪಾಯಿ ಕೊಟ್ಟು ಬಂದರೆಂದೂ ಭಾವಿಸೋಣ. ಬರುವ ಹಣ ೧,೮೦,೦೦೦ ರೂಪಾಯಿ. ಎದುರು ತಂಡದ ಪ್ರಯಾಣ, ಊಟ, ರೆಫರಿಯ ಭತ್ಯ, ಸುಣ್ಣದ ಗೆರೆ, ಧ್ವನಿವರ್ಧಕದ ಬಾಡಿಗೆ ಇವುಗಳನ್ನು ಕಳೆದರೆ ಚೆಂಡಿಗೂ ಬೂಟಿಗೂ ಉಳಿಯುವುದು ಅಲ್ಪ. ಇದೂ ಊಹೆಯ ಸುಭಿಕ್ಷದ ಮಾತು. ಬೇಲಿಯಾಚೆ ನಿಂತು ಪುಕ್ಕಟೆಯಾಗಿ ನೋಡುವ ಅವಕಾಶವಿರುವಲ್ಲಿ ೩೦೦ ಟಿಕೆಟ್ಟು ಮಾರುವುದೇ ಸಾಹಸ. ಇಪ್ಪತ್ತು ಸಂಜೆಗಳಿಂದ ಮುನ್ನೂರ ಅರವತ್ತೈದು ದಿನಗಳನ್ನು ಪೋಷಿಸುವ ಹಂಚಿಕೆ ಇದು. ಉಳಿದ ದಿನಗಳಲ್ಲಿ ಮೈದಾನವೇನು ಮಾಡುತ್ತಿದೆ?

ಕಾಫಿಸೀಮೆಯವರಿಗೆ ಈ ಪ್ರಶ್ನೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತೋಟದ ಕಣವನ್ನು ನೋಡಿ. ಕೊಯ್ಲಿನ ಕಾಲದಲ್ಲಿ ಅಲ್ಲಿ ಕಾಫಿ ಒಣಗುತ್ತದೆ. ಅದರ ಬೆನ್ನಿಗೇ ಮೆಣಸು. ಅದೂ ಮೂಟೆ ಕಟ್ಟಿದ ಮೇಲೆ ಅದೇ ನೆಲದಲ್ಲಿ ಮದುವೆಯ ಚಪ್ಪರವೇಳುತ್ತದೆ, ಸಂಜೆ ಷಟಲ್ ಆಟಕ್ಕೆ ಬಲೆ ಕಟ್ಟುತ್ತಾರೆ, ರೈಟರ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಆದರೆ ಕಾಫಿ ಹರಡಿರುವಾಗ ಅದರ ಮೇಲೆ ಚಪ್ಪಲಿ ಮೆಟ್ಟಿ ನಡೆಯಲು ಯಾವ ಯಜಮಾನನೂ ಬಿಡುವುದಿಲ್ಲ. ಕಣವನ್ನು ಬಹುಪಯೋಗಿಯಾಗಿಸಿರುವುದು ಈ ನಿಯಮವೇ: ಮುಖ್ಯ ಬೆಳೆ ಯಾವುದೆಂಬುದು ಎಲ್ಲರಿಗೂ ತಿಳಿದಿದೆ. ಮೈದಾನದ ಮುಖ್ಯ ಬೆಳೆ ಹುಲ್ಲು.

ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ೨೦೨೪ರ ಡಿಸೆಂಬರ್ ೨೯ರಂದು ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣವನ್ನು, ಸುಮಾರು ಹನ್ನೆರಡು ಸಾವಿರ ಮಂದಿ ಏಕಕಾಲಕ್ಕೆ ಭರತನಾಟ್ಯವಾಡುವ ದಾಖಲೆಯ ಪ್ರದರ್ಶನಕ್ಕೆ ಕೊಟ್ಟರು. ತಾತ್ಕಾಲಿಕ ವೇದಿಕೆಯಿಂದ ಬಿದ್ದು ಶಾಸಕಿಯೊಬ್ಬರಿಗೆ ತೀವ್ರವಾದ ಪೆಟ್ಟಾಯಿತು. ಹುಲ್ಲಿನ ಗತಿಯ ಬಗ್ಗೆ ಅಲ್ಲಿ ಆಡುವ ಫುಟ್‌ಬಾಲ್ ಕ್ಲಬ್ಬು ಆತಂಕಪಟ್ಟಿತು. ಒಂದು ದಿನದ ಬಾಡಿಗೆ ಎಷ್ಟೇ ದೊಡ್ಡದಾಗಿರಲಿ, ತುಳಿತಕ್ಕೆ ಸಿಕ್ಕ ನೆಲ ಮತ್ತೆ ಸಮವಾಗುವವರೆಗಿನ ವಾರಗಳ ಲೆಕ್ಕವನ್ನು ಯಾರೂ ರಸೀತಿಯಲ್ಲಿ ಬರೆಯುವುದಿಲ್ಲ. ನಮ್ಮ ಊರುಗಳಲ್ಲಿ ವಸ್ತುಪ್ರದರ್ಶನಕ್ಕೆ, ರಾಜಕೀಯ ಸಭೆಗೆ ಮೈದಾನವನ್ನು ಬಿಟ್ಟುಕೊಟ್ಟು, ಶಾಮಿಯಾನದ ಗೂಟಗಳ ಗುಂಡಿಗಳನ್ನು ಹುಡುಗರು ಮುಚ್ಚಿಕೊಳ್ಳುವುದು ಎಷ್ಟು ಸಲ ನಡೆದಿದೆಯೋ ಎಣಿಸಿದವರಿಲ್ಲ.

ಹಾಗಾದರೆ ಬಾಡಿಗೆಗೆ ಕೊಡಬೇಕಾದದ್ದು ಯಾವುದು? ಅಂಚು. ಗ್ಯಾಲರಿಯ ಕೆಳಗಿನ ಬರಿದಾದ ಜಾಗ, ರಸ್ತೆಗೆ ಮುಖಮಾಡಿದ ಗೋಡೆ, ಗೇಟಿನ ಪಕ್ಕದ ಮೂಲೆ. ಕೋಳಿಕೋಡಿನಲ್ಲಿ ಕಾರ್ಪೊರೇಷನ್ನಿನ ಕ್ರೀಡಾಂಗಣದ ಸುತ್ತ, ಗ್ಯಾಲರಿಯ ಬೆನ್ನಿಗೇ ಅಂಗಡಿಗಳ ಸಾಲಿದೆ. ಒಳಗೆ ಆಟವಿರಲಿ ಬಿಡಲಿ, ಹೊರಗೆ ವ್ಯಾಪಾರ ನಡೆಯುತ್ತದೆ. ಜಿಲ್ಲಾಕೇಂದ್ರದಲ್ಲಿ ಆರು ಮಳಿಗೆಗಳಿಗೆ ತಿಂಗಳಿಗೆ ತಲಾ ೬,೦೦೦ ರೂಪಾಯಿ ಬಂದರೂ ವರ್ಷಕ್ಕೆ ೪,೩೨,೦೦೦ ಆಯಿತು. ನಾವು ಮೊದಲು ಊಹಿಸಿದ ಟಿಕೆಟ್ಟಿನ ಹಣದ ಎರಡು ಪಾಲಿಗಿಂತ ಹೆಚ್ಚು. ಇದಕ್ಕೂ ಒಂದು ಎಚ್ಚರಿಕೆ ಉಂಟು. ೨೦೧೭ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಪಂದ್ಯಗಳಿಗಾಗಿ ಕಲೂರಿನ ಗ್ಯಾಲರಿಯಡಿಯ ಅಂಗಡಿಗಳನ್ನು ತೆರವು ಮಾಡಿಸಬೇಕಾಗಿ ಬಂದಾಗ ವರ್ತಕರು ಹೈಕೋರ್ಟಿಗೆ ಹೋದರು. ಆಟದ ದಿನ ಏನು ಮಾಡಬೇಕೆಂಬುದನ್ನು ಬಾಡಿಗೆಯ ಕರಾರಿನಲ್ಲೇ ಬರೆದಿಡದಿದ್ದರೆ ಅಂಚೇ ನಡುವನ್ನು ಆಳತೊಡಗುತ್ತದೆ.

ಆ ಮಳಿಗೆಗಳಲ್ಲಿ ಒಂದನ್ನಾದರೂ ಸ್ತ್ರೀಶಕ್ತಿ ಸಂಘವೊಂದು ನಡೆಸುವ ಕಾಫಿಗೆ ಮೀಸಲಿಡಬೇಕೆಂಬುದು ನನ್ನ ಆಸೆ. ಬೆಟ್ಟದ ತುಂಬ ಕಾಫಿ ಬೆಳೆದು, ಆಟದ ಬಯಲಿನ ಬಳಿ ಹಾಲಿನ ಪುಡಿಯ ಕಂದುನೀರನ್ನು ಕುಡಿಯುವ ನಮ್ಮ ವಿಚಿತ್ರಕ್ಕೆ ಸಮಾಧಾನ ಹುಡುಕುವುದು ಕಷ್ಟ. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ಪ್ರವಾಸಿ ವಾಹನಗಳಿಗೆ ೨೦೨೫ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿ ಬಂದಿದೆ. ಸರದಿಗಾಗಿ ಪೇಟೆಯಲ್ಲಿ ಕಾಯುವವರಿಗೆ ಗಾಡಿ ನಿಲ್ಲಿಸಲು ಜಾಗವೂ ಒಳ್ಳೆಯ ಕಾಫಿಯೂ ಬೇಕು. ಎರಡೂ ಹುಲ್ಲನ್ನು ತುಳಿಯದೆ ಸಿಗುವ ಹಣ.

ಈಚಿನ ದಿನಗಳಲ್ಲಿ ಸಣ್ಣ ಪೇಟೆಗಳಲ್ಲೂ ‘ಟರ್ಫ್’ ಎಂಬ ಕೃತಕ ಹುಲ್ಲಿನ ಅಂಕಣಗಳು ಬಂದಿವೆ. ಸುತ್ತ ಬಲೆ, ಮೇಲೆ ದೀಪ, ಗಂಟೆಗಿಷ್ಟು ಬಾಡಿಗೆ. ಕ್ಲಬ್ಬೂ ಮೈದಾನದ ಒಂದು ಮೂಲೆಯಲ್ಲಿ ಐವರ ಆಟದ ಅಂಕಣವನ್ನು ಮಾಡಿ, ಸಂಜೆ ಮೂರು ಗಂಟೆಗಳ ಕಾಲ ಗಂಟೆಗೆ ೬೦೦ರಂತೆ, ಮಳೆಯಿಲ್ಲದ ೨೦೦ ದಿನ ಕೊಟ್ಟರೆ ೩,೬೦,೦೦೦ ರೂಪಾಯಿ. ಲೆಕ್ಕ ಆಕರ್ಷಕವಾಗಿದೆ, ಆದ್ದರಿಂದಲೇ ಇದರ ಬಗ್ಗೆ ನನಗೆ ಭಯ. ಮೂಲೆಯ ಅಂಕಣ ಹಣ ತರುತ್ತದೆಂದು ಕಂಡ ಸಮಿತಿ ನಾಳೆ ಇಡೀ ಮೈದಾನಕ್ಕೆ ಬಲೆ ಹಾಕಲು ಹೊರಡಬಹುದು. ಆಗ ಹತ್ತು ಮಂದಿ ಅರವತ್ತರವತ್ತು ರೂಪಾಯಿ ಕೂಡಿಸಬಲ್ಲ ನೌಕರರು ಒಳಗಿರುತ್ತಾರೆ. ಕೂಲಿಲೈನಿನ ಹುಡುಗ ಬಲೆಯ ಕಣ್ಣಿನಲ್ಲಿ ಬೆರಳು ಸಿಕ್ಕಿಸಿಕೊಂಡು ಹೊರಗೆ ನಿಂತಿರುತ್ತಾನೆ. ಮುಂದಿನ ಆಟಗಾರ ಬರಬೇಕಾದದ್ದು ಆ ಲೈನಿನಿಂದ. ೧೯೩೭ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವಾಗಲಿ, ೧೯೬೮-೬೯ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿ ತಂದ ಮೈಸೂರಾಗಲಿ, ಐವತ್ತನಾಲ್ಕು ವರ್ಷಗಳ ತರುವಾಯ ೨೦೨೩ರ ಮಾರ್ಚ್‌ನಲ್ಲಿ ರಿಯಾದಿನಲ್ಲಿ ಅದನ್ನು ಮರಳಿ ಗೆದ್ದ ಕರ್ನಾಟಕವಾಗಲಿ, ಬಾಡಿಗೆ ತೆತ್ತು ಚೆಂಡು ಒದೆಯಲು ಕಲಿತವರಿಂದ ಮಾತ್ರ ಕಟ್ಟಿದ್ದಲ್ಲ.

ಜನ ಬರುವುದೇ ಇಲ್ಲವೆಂಬ ದೂರಿನ ಬಗ್ಗೆಯೂ ಒಂದು ಮಾತು. ನೆರೆಯ ಕೊಡಗಿನಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ ೬೦ ತಂಡಗಳಿದ್ದವು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ೩೬೦. ಅಲ್ಲಿ ಗ್ಯಾಲರಿ ತುಂಬುವುದು ಜಾಹೀರಾತಿನಿಂದಲ್ಲ, ಆಡುವವನ ಅಜ್ಜಿ, ಅತ್ತೆ, ಮೊಮ್ಮಕ್ಕಳಿಂದ. ಕುಟುಂಬದ ಹಬ್ಬವನ್ನು ನಾವು ಅನುಕರಿಸಬೇಕಾಗಿಲ್ಲ. ತೋಟಕ್ಕೊಂದು, ಊರಿಗೊಂದು ತಂಡವನ್ನು ಕೂಡಿಸಬಹುದು. ಅಸ್ಸಾಂ, ಝಾರ್ಖಂಡ್, ಬಂಗಾಳಗಳಿಂದ ಕೊಯ್ಲಿಗೆ ಬಂದಿರುವ ಕಾರ್ಮಿಕರು ನಮ್ಮ ಕ್ರೀಡಾಸಮಿತಿಗಳ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಫುಟ್‌ಬಾಲು ಅವರ ಹಳ್ಳಿಯ ಆಟ. ಝಾರ್ಖಂಡದ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಹೋತವನ್ನು ಬಹುಮಾನವಾಗಿ ಕೊಡುವ ಪಂದ್ಯಾವಳಿಗಳುಂಟು. ತೋಟಗಳ ವಾರದ ರಜೆ ಸಂತೆಯ ದಿನಕ್ಕೆ ಹೊಂದಿಕೊಂಡಿರುವಲ್ಲಿ ಪಂದ್ಯವನ್ನು ಭಾನುವಾರವೇ ಇಡಬೇಕೆಂಬ ಹಟ ಪೇಟೆಯವರದು.

ಬರ್ಲಿನ್ ನಗರದ ಪೂರ್ವದ ಅಂಚಿನಲ್ಲಿ, ಕಾಡಿನ ಮಗ್ಗುಲಿಗೆ, ಯೂನಿಯನ್ ಎಂಬ ಕ್ಲಬ್ಬೊಂದಿದೆ. ಇಂದು ಅದು ದೊಡ್ಡದೇ. ಈ ಶತಮಾನದ ಆರಂಭದಲ್ಲಿ ಕಷ್ಟದಲ್ಲಿದ್ದ ಸಣ್ಣ ಕ್ಲಬ್ಬು. ೨೦೦೩ರ ಡಿಸೆಂಬರಿನಲ್ಲಿ, ಸೋಲಿನ ಮೇಲೆ ಸೋಲುಂಡ ಋತುವಿನ ನಡುವೆ, ೮೯ ಮಂದಿ ಅಭಿಮಾನಿಗಳು ಕತ್ತಲಲ್ಲಿ ಕ್ರೀಡಾಂಗಣವನ್ನು ಹೊಕ್ಕು ಕ್ರಿಸ್‌ಮಸ್ ಹಾಡುಗಳನ್ನು ಹಾಡಿದರು. ಆ ಹಾಡಿಗೆ ಈಗ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನ ಸೇರುತ್ತಾರೆ. ೨೦೦೮-೦೯ರಲ್ಲಿ ಕ್ರೀಡಾಂಗಣದ ಪುನರ್ನಿರ್ಮಾಣಕ್ಕೆ ಹಣ ಸಾಲದೆ ಹೋದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸುಮಾರು ೧,೪೦,೦೦೦ ಗಂಟೆಗಳ ಕಾಲ ತಾವೇ ಗಾರೆ ಕಲಸಿ ದುಡಿದರು. ೨೦೧೧ರ ಕೊನೆಯಲ್ಲಿ ಕ್ರೀಡಾಂಗಣದ ಷೇರುಗಳನ್ನು ೫೦೦ ಯೂರೋಗಳಿಗೊಂದರಂತೆ ಸದಸ್ಯರಿಗೇ ಮಾರಿದರು. ಇಲ್ಲಿ ನನ್ನ ಗಮನ ಸೆಳೆಯುವುದು ಸಂಗತಿಗಳ ಅನುಕ್ರಮ: ಮೊದಲು ಜನ ಪುಕ್ಕಟೆಯಾಗಿ ಬಂದು ಹಾಡಿದರು, ಆಮೇಲೆ ದುಡಿದರು, ಹಣ ಬಂದದ್ದು ಕೊನೆಗೆ.

ನಮ್ಮಲ್ಲಿ ಹಾಡುವುದಕ್ಕಿಂತ ಕುಣಿಯುವುದು ಒಗ್ಗುತ್ತದೆ. ಕರಾವಳಿಯ ಮೇಳಗಳು ಘಟ್ಟ ಹತ್ತಿ ಬರುವ ತಿಂಗಳುಗಳಲ್ಲಿ, ರಂಗಸ್ಥಳವನ್ನು ಗೋಲುಕಂಬದ ಹಿಂದೆ ನಿಲ್ಲಿಸಿ, ಪ್ರೇಕ್ಷಕರನ್ನು ಗ್ಯಾಲರಿಯಲ್ಲೇ ಕೂರಿಸಿ ಒಂದು ರಾತ್ರಿಯ ಯಕ್ಷಗಾನವಾಡಿಸಿದರೆ ಹುಲ್ಲಿಗೆ ಹಾನಿಯಿಲ್ಲ. ಷೇರಿನ ವಿಚಾರವೂ ನಮಗೆ ಪರಕೀಯವಲ್ಲ. ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡು ಇದು. ಕಾಫಿಯ ಬೆಲೆ ಏರಿದಾಗ ಬೆಳೆಗಾರರಿಂದ ಚಂದಾ ಎತ್ತುವುದಕ್ಕಿಂತ ಪಾಲುದಾರರಾಗಿಸಿಕೊಳ್ಳುವುದು ಮೇಲು. ೨೦೨೫ರ ಆರಂಭದಲ್ಲಿ ಐವತ್ತು ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿನ ಬೆಲೆ ೨೫,೦೦೦ ರೂಪಾಯಿಗಳನ್ನು ದಾಟಿತ್ತು. ಈ ಶತಮಾನದ ಮೊದಲ ವರ್ಷಗಳ ಕುಸಿತವನ್ನು ಕಂಡವರಿಗೆ, ಬೆಲೆಯೊಡನೆ ಔದಾರ್ಯವೂ ಇಳಿಯುವುದೆಂಬುದು ನೆನಪಿದೆ. ಒಬ್ಬನೇ ಪೋಷಕನನ್ನು ನೆಚ್ಚುವುದೂ ಕ್ಷೇಮವಲ್ಲ. ಕಳಸದ ಮಗ್ಗುಲಲ್ಲೇ ಕುದುರೆಮುಖದ ಅದಿರಿನ ಕಂಪನಿ ೧೯೭೬ರಿಂದ ಕಟ್ಟಿ ಬೆಳೆಸಿದ ಊರು, ಸುಪ್ರೀಂ ಕೋರ್ಟಿನ ಆದೇಶದಂತೆ ೨೦೦೫ರ ಕೊನೆಗೆ ಗಣಿಗಾರಿಕೆ ನಿಂತೊಡನೆ ಬರಿದಾಗತೊಡಗಿದ್ದನ್ನು ನಾವೇ ನೋಡಿದ್ದೇವೆ.

ಈಗ ‘ತನ್ನ’ ಎಂಬ ಶಬ್ದಕ್ಕೆ ಬರೋಣ. ಮೇಲೆ ಹೇಳಿದ ಮಳಿಗೆಯಾಗಲಿ ಅಂಕಣವಾಗಲಿ ಸರ್ಕಾರದ ನೆಲದಲ್ಲಿ ಏಳಬೇಕಾದವು. ಅವುಗಳ ಬಾಡಿಗೆ ಬಹಿರಂಗ ಹರಾಜಿನಿಂದಲೇ ನಿಶ್ಚಯವಾಗಬೇಕು. ಕ್ಲಬ್ಬು ಅಲ್ಲಿ ಒಡೆಯನಾಗಲಾರದು. ಕಂಠೀರವದಲ್ಲಿ ಫುಟ್‌ಬಾಲಿನಿಂದ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂದು ಓಟಗಾರರೂ ಅವರ ಗುರುಗಳೂ ತಕರಾರೆತ್ತಿ, ವಿವಾದ ಹೈಕೋರ್ಟಿನವರೆಗೆ ಹೋದದ್ದುಂಟು. ಅವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಸಾರ್ವಜನಿಕರ ನೆಲವನ್ನು ಒಂದು ಆಟಕ್ಕೆ ಒಪ್ಪಿಸಿದರೆ ಉಳಿದವರು ಎಲ್ಲಿಗೆ ಹೋಗಬೇಕು? ಕ್ಲಬ್ಬು ಕೇಳಬೇಕಾದದ್ದು ಒಡೆತನವನ್ನಲ್ಲ, ಪಾಲನೆಯ ಹಕ್ಕನ್ನು: ಹುಲ್ಲು, ಚರಂಡಿ, ಬೇಲಿ, ಶೌಚಾಲಯಗಳ ಹೊಣೆ ತನ್ನದು, ಪ್ರತಿಯಾಗಿ ಅಂಚಿನ ವರಮಾನದಲ್ಲಿ ಗೊತ್ತಾದ ಒಂದು ಪಾಲು, ಕನಿಷ್ಠ ಹತ್ತು ವರ್ಷಗಳ ಅವಧಿಗೆ. ವರ್ಷವರ್ಷವೂ ಅಧಿಕಾರಿಯ ಮೇಜಿನ ಮುಂದೆ ನಿಲ್ಲಬೇಕಾದವನು ನೆಲಕ್ಕೆ ಒಂದು ಬುಟ್ಟಿ ಗೊಬ್ಬರವನ್ನೂ ಹಾಕುವುದಿಲ್ಲ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರರವರೆಗೆ ಮಕ್ಕಳಿಗೂ ಓಟಗಾರರಿಗೂ ಗೇಟು ತೆರೆದಿರಬೇಕು, ಶುಲ್ಕವಿರಕೂಡದು ಎಂಬುದನ್ನು ಆ ಕರಾರಿನ ಕೊನೆಯಲ್ಲಲ್ಲ, ಮೊದಲ ಕಲಮಿನಲ್ಲಿ ಬರೆಯಬೇಕು.

ಕರಾರಿಗೆ ಕಾಲ ಹಿಡಿಯುತ್ತದೆ, ಚರಂಡಿಗೆ ಹಿಡಿಯುವುದಿಲ್ಲ. ಮೂಡಿಗೆರೆ, ಕಳಸಗಳ ಮಳೆ ಚಿಕ್ಕಮಗಳೂರು ಪೇಟೆಯ ಮಳೆಗೆ ಎರಡು ಮೂರು ಪಟ್ಟು. ಗುಡ್ಡ ಕಡಿದು ಸಮಮಾಡಿದ ಬಯಲಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನಿಂತ ನೀರು ಅಕ್ಟೋಬರಿನ ಪಂದ್ಯವನ್ನೂ ನುಂಗುತ್ತದೆ. ತೋಟದಲ್ಲಿ ತೊಟ್ಟಿಲುಗುಂಡಿ ತೋಡಿ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಮುಂಗಾರಿಗೆ ಮುನ್ನ ಸಿಗುವ ಬಿಡುವಿನಲ್ಲಿ, ಗುಡ್ಡದ ಕಡೆಯ ಅಂಚಿಗೆ ಒಂದು ಬಸಿಗಾಲುವೆಯನ್ನು ಶ್ರಮದಾನದಿಂದಲೇ ತೋಡಬಹುದು. ಅದಕ್ಕೆ ಬೇಕಾದದ್ದು ಶಾಲೆಯ ಮುಖ್ಯೋಪಾಧ್ಯಾಯರ ಒಂದು ಒಪ್ಪಿಗೆ ಪತ್ರ, ನಾಲ್ಕು ಭಾನುವಾರ, ಮತ್ತು ಹಾರೆ ಗುದ್ದಲಿ.