ಹಳೆಯ ಜೀಪಿನ ಮುಂಗಾಲು, ಅಗಲ ರಸ್ತೆಯ ಹಂಬಲ

ಜೋಯಿಡಾ ಸೀಮೆಯ ಹಳ್ಳಿಗರು ರಸ್ತೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಡಿಗ್ಗಿ, ಬಜಾರಕುಣಂಗದ ಕಡೆಯವರು ಮಳೆಗಾಲದಲ್ಲಿ ಪಡುವ ಪಾಡನ್ನು ಬಲ್ಲವರು ಆ ಬೇಡಿಕೆಯನ್ನು ಅಲ್ಲಗಳೆಯಲಾರರು. 2006ರ ಅರಣ್ಯ ಹಕ್ಕು ಕಾಯ್ದೆಯೇ ಹಳ್ಳಿಯ ರಸ್ತೆಗಾಗಿ ಒಂದು ಹೆಕ್ಟೇರಿಗೂ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಿಕೊಳ್ಳಲು ಅವಕಾಶ ಕೊಟ್ಟಿದೆ. ಅದು ಜನರ ಹಕ್ಕು. ಆದರೆ ಈ ಹಕ್ಕಿನ ಬೆನ್ನೇರಿ ಇನ್ನೊಂದು ವಾದ ಘಟ್ಟ ಹತ್ತುತ್ತಿದೆ. ಗಾಡಿ ಕುಣಿಯುತ್ತದೆ, ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತದೆ, ತಿರುವಿನಲ್ಲಿ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಮರ ಉರುಳಿಸಿ ರಸ್ತೆ ಅಗಲಿಸಿರಿ, ಇಲ್ಲವೇ ಹಳೆಯ ಗಾಡಿಯನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರಿ ಎಂಬುದು ಆ ವಾದ. ಮೊದಲನೆಯದರಲ್ಲಿ ಗುತ್ತಿಗೆದಾರನಿಗೆ ಲಾಭ, ಎರಡನೆಯದರಲ್ಲಿ ಮಾರಾಟಗಾರನಿಗೆ ಲಾಭ. ಗಾಡಿಯ ಕೆಳಗೆ ಬಗ್ಗಿ ನೋಡಿರಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಏಕೆಂದರೆ ಅದರಲ್ಲಿ ಯಾರಿಗೂ ಹೇಳಿಕೊಳ್ಳುವಂತಹ ಲಾಭವಿಲ್ಲ.

ಬಗ್ಗಿ ನೋಡಿದರೆ ಕಾಣುವುದೇನು? ಬೊಲೆರೊದಂತಹ ಗಾಡಿಯ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸಿರುವುದು ಮೇಲೊಂದು ಕೆಳಗೊಂದು ಕಬ್ಬಿಣದ ತೋಳು. ತೋಳಿನ ಒಳತುದಿ ಚಾಸಿಗೆ ಸೇರುವಲ್ಲಿ ರಬ್ಬರಿನ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್. ಚಕ್ರವನ್ನು ತಿರುಗಿಸುವ ಸರಳಿನ ಕೊನೆಯಲ್ಲಿ ಟೈರಾಡ್ ಎಂಡ್. ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗಿನ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಹಳೆಯ ಜೀಪುಗಳಲ್ಲಿ ತೋಳುಗಳಿಲ್ಲ. ಪಟ್ಟಿ ಸ್ಪ್ರಿಂಗು, ಅದರ ಶ್ಯಾಕಲ್ ಮತ್ತು ಬುಷ್‌ಗಳೇ ಆ ಕೆಲಸ ಮಾಡುತ್ತವೆ. ಮನುಷ್ಯನ ಮೊಣಕಾಲಿನಲ್ಲಿ ಎಲುಬಿಗಿಂತ ಮೊದಲು ಸವೆಯುವುದು ನಡುವಿನ ಮೆತ್ತೆ, ಇಲ್ಲಿಯೂ ಹಾಗೆಯೇ. ಬಾಲ್ ಜಾಯಿಂಟಿನ ಮೇಲಿನ ರಬ್ಬರ್ ಟೊಪ್ಪಿಗೆ ಹರಿಯಿತೆಂದರೆ ಬೇಸಿಗೆಯ ಕೆಂಪು ಧೂಳು, ಮಳೆಗಾಲದ ರಾಡಿ ಎರಡೂ ಒಳಹೊಕ್ಕು ಗ್ರೀಸನ್ನು ಅರೆಯುವ ಹಿಟ್ಟನ್ನಾಗಿ ಮಾಡುತ್ತವೆ. ಬಯಲುಸೀಮೆಯಲ್ಲಿ ಹಲವು ವರ್ಷ ಬಾಳುವ ಕೀಲು ಇಲ್ಲಿ ಬೇಗನೆ ಸಡಿಲವಾಗುವುದು ಇದರಿಂದಲೇ.

ಸಡಿಲವಾದ ಕೀಲನ್ನು ಕಂಡುಹಿಡಿಯಲು ಪಂಡಿತರೇನೂ ಬೇಕಿಲ್ಲ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಜ್ಯಾಕನ್ನೇ ನಂಬದೆ ಗಟ್ಟಿ ಆಸರೆ ಇಟ್ಟ ಮೇಲೆ ಚಕ್ರವನ್ನು ಮೇಲೆ–ಕೆಳಗೆ ಹಿಡಿದು ಅಲುಗಿಸಬೇಕು. ಆಟ ಕಂಡರೆ ಬಾಲ್ ಜಾಯಿಂಟು ಅಥವಾ ಚಕ್ರದ ಬೇರಿಂಗು ಸವೆದಿದೆ. ಎಡ–ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಸಂಶಯ ಟೈರಾಡ್ ಎಂಡಿನ ಮೇಲೆ. ಟೈರಿನ ಒಂದೇ ಅಂಚು ಬೋಳಾಗಿದ್ದರೆ ಚಕ್ರ ನೆಟ್ಟಗೆ ನಿಂತಿಲ್ಲವೆಂದು ಅರ್ಥ. ಭತ್ತದ ಗರಿಯ ಮೇಲಿನ ಚುಕ್ಕೆ ನೋಡಿ ರೋಗ ಹೇಳುವ ರೈತನಿಗೆ ಇದು ಹೆಚ್ಚಿನ ವಿದ್ಯೆಯಲ್ಲ.

ಆದರೆ ರೂಢಿಯಲ್ಲಿ ನಡೆಯುವುದೇ ಬೇರೆ. ಗಾಡಿ ಸದ್ದು ಮಾಡಿದೊಡನೆ ಶಾಕ್ ಅಬ್ಸಾರ್ಬರ್ ಬದಲಿಸಲಾಗುತ್ತದೆ. ಅದು ಎದ್ದು ಕಾಣುವ ವಸ್ತು, ಹೊಸ ಬಣ್ಣ ಹೊಳೆಯುತ್ತದೆ, ಕೊಟ್ಟ ಹಣಕ್ಕೆ ಸಾಕ್ಷಿಯಂತಿರುತ್ತದೆ. ಆದರೆ ಚಕ್ರವನ್ನು ತೋಳಿಗೆ ಹಿಡಿದಿಡುವುದು ಅದರ ಕೆಲಸವೇ ಅಲ್ಲ. ಆಟವಾಡುವ ಕೀಲು ಆಟವಾಡುತ್ತಲೇ ಇರುತ್ತದೆ. ಇನ್ನು ಕೆಲವರು ಸವೆದ ಬಾಲ್ ಜಾಯಿಂಟಿಗೆ ವೆಲ್ಡಿಂಗ್ ಚುಕ್ಕೆ ಇಡಿಸಿ ಉಳಿತಾಯ ಮಾಡಿದೆವೆಂದು ಬೀಗುತ್ತಾರೆ. ಇದು ಉಳಿತಾಯವಲ್ಲ, ಕೊಲೆಯ ಸಿದ್ಧತೆ. ಕೆಳಗಿನ ಜಾಯಿಂಟು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಗಾಡಿ ಮೂಗು ಊರುತ್ತದೆ. ಹಳಿಯಾಳದ ಬಯಲಿನಲ್ಲಾದರೆ ಕಬ್ಬಿನ ಗದ್ದೆಗೆ ಬಿದ್ದು ಬದುಕಬಹುದು. ಅಣಶಿ ಘಟ್ಟದ ತಿರುವಿನಲ್ಲಿ ಬೀಳುವುದಕ್ಕೆ ಗದ್ದೆಯಿಲ್ಲ. ಬಾಣಂತಿಯನ್ನು, ಜ್ವರದ ಮಗುವನ್ನು, ಸಂತೆಯಿಂದ ಮರಳುವ ಹತ್ತು ಜನರನ್ನು ಹೊರುವ ಗಾಡಿ ಅದು.

ದುರಸ್ತಿಗೂ ಒಂದು ಕ್ರಮವಿದೆ. ಒಂದು ಬದಿಯ ಬುಷ್ ಬದಲಿಸಿದರೆ ಇನ್ನೊಂದು ಬದಿಯದನ್ನೂ ಬದಲಿಸಬೇಕು. ಬುಷ್‌ನ ಬೋಲ್ಟನ್ನು ಗಾಡಿ ತನ್ನ ಚಕ್ರಗಳ ಮೇಲೆ ನಿಂತಾಗಲೇ ಕೊನೆಯದಾಗಿ ಬಿಗಿಯಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿ ಉಳಿದು ಬೇಗನೆ ಹರಿಯುತ್ತದೆ. ಅದನ್ನು ಕಂಡು ‘ಹಳೆಯ ಗಾಡಿಗೆ ಎಷ್ಟು ಹಾಕಿದರೂ ಅಷ್ಟೆ’ ಎನ್ನುವವರು ಬಯ್ಯಬೇಕಾದದ್ದು ಗಾಡಿಯನ್ನಲ್ಲ. ಒತ್ತಿದ ಸುರುಳಿ ಸ್ಪ್ರಿಂಗನ್ನು ಸರಿಯಾದ ಸಲಕರಣೆಯಿಲ್ಲದೆ ಬಿಚ್ಚುವುದು ಪ್ರಾಣಾಪಾಯ. ಅದು ಮನೆಯಂಗಳದ ಕೆಲಸವಲ್ಲ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾಗಿ ಬಂದರೂ ಸರಿಯೆ. ಎಲ್ಲ ಸೇರಿ ಖರ್ಚು ಕೆಲವು ಸಾವಿರ ರೂಪಾಯಿ. ಹೊಸ ಗಾಡಿಗೆ ಬೇಕಾಗುವುದು ಲಕ್ಷಗಳು, ಅದೂ ಹೆಚ್ಚಿನವರಿಗೆ ಸಾಲದ ಲಕ್ಷಗಳು.

ಹೊಸತು ಪರಿಸರಸ್ನೇಹಿ ಎಂಬ ಮಂತ್ರಕ್ಕೂ ಉತ್ತರ ಕೊಡಬೇಕು. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್–6 ಗಾಡಿ ಹಳೆಯದಕ್ಕಿಂತ ಬಹಳ ಕಡಿಮೆ ಹೊಗೆ ಉಗುಳುತ್ತದೆ, ಇದು ಸತ್ಯ. ಬುಷ್ ಬದಲಿಸಿದ ಮಾತ್ರಕ್ಕೆ ಹೊಗೆ ಕಡಿಮೆಯಾಗುವುದೂ ಇಲ್ಲ. ದಾಂಡೇಲಿಯ ರೆಸಾರ್ಟುಗಳ ನಡುವೆ ದಿನವಿಡೀ ಪ್ರವಾಸಿಗರನ್ನು ಹೊತ್ತು ತಿರುಗುವ ಗಾಡಿಗಳು ಹೊಸವಾಗಲಿ; ಅವುಗಳ ಗಳಿಕೆಗೆ ಆ ಹೊರೆ ಭಾರವಲ್ಲ. ವಾರಕ್ಕೆರಡು ಬಾರಿ ಸಂತೆಗೆ, ಆಸ್ಪತ್ರೆಗೆ ಹೋಗಿಬರುವ ಹಳ್ಳಿಯ ಜೀಪಿನ ಲೆಕ್ಕವೇ ಬೇರೆ. ಒಂದು ಹೊಸ ಗಾಡಿ ಮೊದಲ ಮೈಲಿ ಓಡುವ ಮುನ್ನವೇ ಅದರ ತಯಾರಿಕೆಯಲ್ಲಿ ಹಲವು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಉಕ್ಕಿಗೆ ಅದಿರು ಬೇಕು. ಬಳ್ಳಾರಿ–ಸಂಡೂರಿನ ಗುಡ್ಡಗಳಿಗೆ ಏನಾಯಿತೆಂಬುದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಯುವವರೆಗೂ ನಾಡು ಕಣ್ಣಾರೆ ನೋಡಿದೆ. ಕಾರ್ಖಾನೆಗೆ ವಿದ್ಯುತ್ತು ಬೇಕು; ಅದರ ಬೆಲೆಯೇನೆಂಬುದನ್ನು ಸೂಪಾ ಅಣೆಕಟ್ಟೆಗಾಗಿ ಊರು ಬಿಟ್ಟು ರಾಮನಗರ ಸೇರಿದವರನ್ನು ಕೇಳಬೇಕು.

ಟೈರಿನ ಮಾತು ಇನ್ನೂ ಗಂಭೀರ. ಚಕ್ರ ಓರೆಯಾಗಿ ಉಜ್ಜಿಕೊಂಡು ಓಡಿದರೆ ಟೈರು ಬೇಗ ಸವೆಯುತ್ತದೆ. ಸವೆದ ರಬ್ಬರು ಪುಡಿಯಾಗಿ ರಸ್ತೆಯಲ್ಲಿ ಉಳಿದು ಮೊದಲ ಮಳೆಗೆ ಹಳ್ಳ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಟೈರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕದಿಂದ ಹುಟ್ಟುವ ವಿಷವೇ ಕಾರಣವೆಂದು ವಿಜ್ಞಾನಿಗಳು 2020ರ ಕೊನೆಯಲ್ಲಿ ತೋರಿಸಿದರು. ಜೋಯಿಡಾದ ರಸ್ತೆ ತೊಳೆದ ನೀರು ಹೋಗುವುದು ಕಾಳಿಗೆ ಮತ್ತು ಅದರ ಉಪನದಿಗಳಿಗೆ. ಅಗಲವಾದ ರಸ್ತೆ, ಹೆಚ್ಚು ವೇಗ, ಹೆಚ್ಚು ಗಾಡಿ ಎಂದರೆ ಈ ಪುಡಿಯೂ ಹೆಚ್ಚು. ಖಾನಾಪುರದಿಂದ ಅನಮೋಡಕ್ಕೆ ಹೋಗುವ ಹೆದ್ದಾರಿಯ ಅಗಲೀಕರಣಕ್ಕೆ ಸಾವಿರಾರು ಮರಗಳು ಬಿದ್ದವು. ಅಲ್ಲಿ ಉಳಿಸಿದ ನಿಮಿಷಗಳನ್ನು ಲೆಕ್ಕ ಹಾಕುವವರು ಮರಗಳ ಲೆಕ್ಕ ಹಾಕುವುದಿಲ್ಲ.

ಕಾನೂನಿನ ಭಯವನ್ನೂ ಬಿತ್ತಲಾಗುತ್ತಿದೆ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿದೆ. ಅದು 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಪ್ರದೇಶಕ್ಕೆಂದು ಹೊರಡಿಸಿ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಆದೇಶ. ಉತ್ತರ ಕನ್ನಡಕ್ಕೆ ಅದರ ಸಂಬಂಧವಿಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ್ದರೆ ನೋಂದಣಿ ಕಳೆದುಕೊಳ್ಳುವುದು ಸರ್ಕಾರಿ ವಾಹನಗಳು. ಖಾಸಗಿ ಗಾಡಿಯ ಮಾಲೀಕ 15 ವರ್ಷದ ನಂತರ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಅದರ ಶುಲ್ಕವನ್ನು 2022ರಲ್ಲಿ ಕಾರಿಗೆ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ವಿಚಿತ್ರವೆಂದರೆ, ಅದೇ ಖಾಸಗಿ ಗಾಡಿಯ ಕೀಲುಗಳನ್ನು ಮೊದಲ 15 ವರ್ಷ ಯಾವ ಅಧಿಕಾರಿಯೂ ನೋಡಬೇಕೆಂಬ ನಿಯಮವಿಲ್ಲ. ಬಾಡಿಗೆಯ ಹಳದಿ ಫಲಕದ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ. ಮಲೆನಾಡಿನ ಹಳ್ಳಿಗಳಲ್ಲಿ ಜನರನ್ನು ಹೊರುವ ಬಿಳಿ ಫಲಕದ ಗಾಡಿಗೆ ಅದೂ ಇಲ್ಲ. ವಯಸ್ಸನ್ನು ಅಪರಾಧವೆಂದು ಬಗೆಯುವ ವ್ಯವಸ್ಥೆ ಸವಕಳಿಯನ್ನು ಮಾತ್ರ ಕಾಣಲೊಲ್ಲದು.

ಹಾಗಾದರೆ ಕೇಳಬೇಕಾದದ್ದೇನು? ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿ, ಜೋಯಿಡಾ ಮತ್ತು ಮುಂಡಗೋಡಿನ ಸಂತೆಯ ದಿನ ಸಾರಿಗೆ ಇಲಾಖೆ ಒಂದು ತಪಾಸಣಾ ಶಿಬಿರ ನಡೆಸಲಿ. ಅಲ್ಲಿ ಕಾಗದಪತ್ರ ನೋಡುವುದಲ್ಲ, ದಂಡ ಹಾಕುವುದೂ ಅಲ್ಲ. ಚಕ್ರ ಎತ್ತಿ ಅಲುಗಿಸಿ, ಸವೆದ ಕೀಲಿನ ಹೆಸರು ಬರೆದು ಮಾಲೀಕನ ಕೈಗೆ ಚೀಟಿ ಕೊಡಲಿ. ಐಟಿಐ ವಿದ್ಯಾರ್ಥಿಗಳು ಆ ಶಿಬಿರದಲ್ಲಿ ಕೆಲಸ ಕಲಿಯಲಿ. ಟ್ರ್ಯಾಕ್ಟರಿಗೆ ಸಾಲ ಕೊಡುವ ಸಹಕಾರಿ ಸಂಘಗಳು ಹಳ್ಳಿಯ ಜೀಪಿನ ದುರಸ್ತಿಗೂ ಸಣ್ಣ ಸಾಲ ಕೊಡಲಿ. ಪಂಚಾಯತಿಯವರು ಅಗಲೀಕರಣದ ಠರಾವು ಬರೆಯುವ ಮುನ್ನ ಇರುವ ರಸ್ತೆಯ ಗುಂಡಿ ಮುಚ್ಚಿಸಿ, ಚರಂಡಿ ಬಿಡಿಸಿ, ಮೋರಿಗಳಲ್ಲಿ ತುಂಬಿದ ತರಗೆಲೆ ತೆಗೆಸಲಿ. ರಸ್ತೆಯನ್ನು ಕೊರೆಯುವುದು ನೀರು. ಕೊರೆದ ರಸ್ತೆ ಬುಷ್ ಕೊಲ್ಲುತ್ತದೆ. ಈ ವರ್ಷದ ಮೋರಿ ಕೆಲಸಕ್ಕೆ ಎಷ್ಟು ಹಣ ಇಟ್ಟಿದ್ದೀರಿ ಎಂಬ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು.